ಉಂಟಾ?

ತೀರಿಕೊಂಡ ಅಪ್ಪನ ಬಾಯಿಗೆ ತುಳಸಿ ನೀರು ಬಿಡಲು ಬಗ್ಗಿದ ತೃಷಾ ಅರ್ಧದಲ್ಲೇ ನಿಂತು ಚಪ್ಪರದ ಕಂಬ ಹಿಡಿದುಕೊಂಡಳು. ಅಳು ಉಕ್ಕಿತೆಂದು ಹೆಂಗಸರು ದಾರಿ ಬಿಟ್ಟರು. ಪಾಣೆಮಂಗಳೂರಿನಿಂದ ಬಂದಿದ್ದ ಅಪ್ಪನ ಹಳೆಯ ಗೆಳೆಯ ಉನೈಸ್ ಮಾತ್ರ ಅವಳ ತುಟಿ ನೋಡಿದ. ನೇರಳೆಹಣ್ಣು ತಿಂದವರ ತುಟಿಯ ಹಾಗಿತ್ತು. ಆ ಬಣ್ಣವನ್ನು ಅವನು ಹಿಂದೊಮ್ಮೆ ಕಂಡಿದ್ದ.

ಅವಳ ಅಪ್ಪ ಲೋಕನಾಥ ನಿನ್ನೆ ಬೆಳ್ತಂಗಡಿಯ ಬಾಸ್ಕೆಟ್‌ಬಾಲ್ ಅಂಗಣದಲ್ಲಿ ಹುಡುಗಿಯರನ್ನು ಓಡಿಸುತ್ತಿದ್ದಾಗಲೇ ಕುಸಿದಿದ್ದ. ಊರಿಗೆಲ್ಲ ದಮ್ಮು ಕಲಿಸಿದ ಕೋಚಿಗೆ ತನ್ನ ದಮ್ಮೇ ಸಾಲಲಿಲ್ಲ ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ಅವನ ಅಪ್ಪನೂ ಇದೇ ಪ್ರಾಯದಲ್ಲಿ ಗದ್ದೆಯ ಬದುವಿನ ಮೇಲೆ ಹೀಗೇ ಬಿದ್ದದ್ದನ್ನು ಒಬ್ಬ ಮುದುಕ ನೆನಪಿಸಿದ. ಪಕ್ಕದವರು ಅವನನ್ನು ಚಿವುಟಿ ಸುಮ್ಮನಾಗಿಸಿದರು.

*

ಆಗ ಮೂಡಬಿದಿರೆಯ ಕಾಲೇಜು ತಂಡದಲ್ಲಿ ಲೋಕನಾಥ ಗಾರ್ಡ್, ಚೆಂಡು ಮುನ್ನಡೆಸುವವನು. ಆಳು ಕುಳ್ಳ, ಆದರೆ ಚೆಂಡು ಅವನ ಕೈಗೆ ಬಂದರೆ ಎತ್ತರದ ಹುಡುಗರೆಲ್ಲ ನಿಂತಲ್ಲೇ ನಿಂತ ತೆಂಗಿನಮರಗಳು. ಫೈನಲಿನ ನಡುವೆ ಬೆಂಚಿಗೆ ಬಂದಾಗ ಅವನ ತುಟಿ ಕಪ್ಪಿಟ್ಟಿತ್ತು.

"ಉಂಟಾ?" ಎಂದು ಕೇಳಿದ್ದ ಜೊತೆಯ ಆಟಗಾರ ಉನೈಸ್. ಉಸಿರು ಉಂಟಾ ಎಂದು.

"ಉಂಟು" ಎಂದು ಎದ್ದು ಹೋದವನು ಪಂದ್ಯ ಗೆದ್ದೇ ಬಂದ. ಆಮೇಲೆ ಬಟ್ಟೆ ಬದಲಿಸುವ ಕೋಣೆಯ ನೆಲದ ಮೇಲೆ ಬಹಳ ಹೊತ್ತು ಮಲಗಿದ್ದ.

ಕೋಚ್ ಆದ ಮೇಲೆ ಅದೇ ಅವನ ಮಂತ್ರವಾಯಿತು. ಗೆರೆಯ ಹೊರಗಿನಿಂದ "ಉಂಟಾ?" ಎಂದು ಕೂಗುವನು, ಒಳಗಿನಿಂದ "ಉಂಟು" ಎಂದೇ ಬರಬೇಕು. ಇಲ್ಲ ಎಂದವರಿಗೆ ಬೆಂಚೇ ಗತಿ. ಮಗಳು ತೃಷಾಳೂ ಗಾರ್ಡ್ ಆದಳು. ಅವಳು ಒಮ್ಮೆಯೂ ಇಲ್ಲ ಎಂದವಳಲ್ಲ. ಅವನಿಗೆ ಅದೇ ದೊಡ್ಡ ಹೆಮ್ಮೆ.

*

ತುಟಿಯ ವಿಷಯವನ್ನು ಉನೈಸ್ ಲೋಕನಾಥನ ಹೆಂಡತಿ ಪ್ರೇಮಾವತಿಗೆ ಮೆಲ್ಲಗೆ ಹೇಳಿದ. ಅವಳು ನಿನ್ನೆಯಿಂದಲೇ ಮಗಳ ಮೇಲೆ ಕಣ್ಣಿಟ್ಟಿದ್ದಳು. ಇದು ರಕ್ತದಲ್ಲಿ ಬರುವ ಕಾಯಿಲೆ, ಮಗಳ ಹೃದಯ ಪರೀಕ್ಷೆ ಆಗುವವರೆಗೆ ಆಡಿಸಬೇಡಿ ಎಂದು ಡಾಕ್ಟರು ಹೇಳಿದ್ದರು. ಸೋಮವಾರ ಉಜಿರೆಯಲ್ಲಿ ರಾಜ್ಯ ತಂಡದ ಆಯ್ಕೆಯಿತ್ತು.

"ಆಯ್ಕೆ ಮುಗಿದ ಮೇಲೆ ಪರೀಕ್ಷೆ ಮಾಡಿಸ್ತೇನೆ ಅಮ್ಮ," ಎಂದಳು ತೃಷಾ. "ಈಗ ಅಪ್ಪನ ಕೆಲಸ ಮಾಡುವ."

ಒಬ್ಬಳೇ ಮಗಳು, ಚಿತೆಯ ಸುತ್ತ ನೀರಿನ ಮಣ್ಣಿನ ಕೊಡ ತಾನೇ ಹೊರುತ್ತೇನೆಂದು ಅವಳ ಹಟ. ಒಪ್ಪದ ಹಿರಿಯರೂ ಕೊನೆಗೆ ಒಪ್ಪಿದರು. ತೂತು ಮಾಡಿದ ಕೊಡದಿಂದ ನೀರು ಬೆನ್ನಿಗಿಳಿಯುತ್ತಿರುವಾಗಲೇ ಅವಳು ಚಿತೆಯನ್ನು ಸುತ್ತತೊಡಗಿದಳು. ಮೂರು ಸುತ್ತಾದ ಮೇಲೆ ಕೊಡವನ್ನು ಹಿಂದಕ್ಕೆ ಬಿಟ್ಟು ಒಡೆಯುವುದು ಪದ್ಧತಿ. ಎರಡನೆಯದರಲ್ಲೇ ಹೆಜ್ಜೆ ನಿಧಾನವಾಯಿತು.

ದೂರದಲ್ಲಿ ನಿಂತಿದ್ದ ಪ್ರೇಮಾವತಿಗೆ ತಡೆಯಲಾಗಲಿಲ್ಲ. ಗಂಡನ ಮಾತೇ ಬಾಯಿಗೆ ಬಂತು.

"ಉಂಟಾ ಮಗಾ? ಇಲ್ಲದಿದ್ದರೆ ಇಲ್ಲ ಅಂತ ಹೇಳು."

ತೃಷಾ ತಿರುಗಿ ನೋಡಲಿಲ್ಲ.

"ಉಂಟು."

ಆ ಸುತ್ತು ಮುಗಿಯುವ ಮೊದಲೇ ಕೊಡ ಜಾರಿ ಬಿದ್ದು ಒಡೆಯಿತು. ಅವಳಿಗೆ ಅದು ಗೊತ್ತಾದಂತೆ ಕಾಣಲಿಲ್ಲ. ಚೂರುಗಳನ್ನು ದಾಟಿ ಅವಳು ನಡೆಯುತ್ತಲೇ ಇದ್ದಳು. ಎತ್ತಿದ ಕೈ ಭುಜದ ಮೇಲೆ ಇಲ್ಲದ ಕೊಡವನ್ನು ಹಿಡಿದುಕೊಂಡೇ ಇತ್ತು.