ಎಲುಬಿನೊಳಗಿನ ಅಕ್ಕ

ಖಜೂರಿ ದಾಟಿ ಮಹಾರಾಷ್ಟ್ರದ ಕಡೆ ಹೊರಟ ಲಾರಿಗಳಲ್ಲಿ ಅರ್ಧಕ್ಕರ್ಧ ಭುವನೇಶ್ವರಿಯ ಖಾನಾವಳಿಯ ಮುಂದೆ ನಿಲ್ಲುತ್ತಿದ್ದವು. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾಹಿಂಡಿ, ಗಟ್ಟಿ ಮೊಸರು, ಅಷ್ಟೇ. ಗಂಡ ಹಣಮಂತರಾಯ ಮುಂದೆ ಬಡಿಸುತ್ತಿದ್ದ. ಕೆಲಸಕ್ಕಿದ್ದ ಅಂಬುಬಾಯಿ ಹಿಟ್ಟು ನಾದಿ ಕೊಡುತ್ತಿದ್ದಳು. ಭುವನೇಶ್ವರಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಎಡಮೊಲೆಗೆ ಕ್ಯಾನ್ಸರ್ ಬಂದು, ಅದನ್ನು ತೆಗೆಸಿ, ಕಿಮೋ ಏರಿಸಿಕೊಂಡು, ರೇಡಿಯೇಶನ್ನಿನ ಕರೆಂಟು ಕೊಡಿಸಿಕೊಂಡು ಬಂದ ಮೇಲೂ ಆಕೆ ಆ ಜಾಗ ಬಿಡಲಿಲ್ಲ. ಉದುರಿದ ಕೂದಲು ಗುಂಗುರಾಗಿ ಮರಳಿ ಬಂದಾಗ ಊರವರು, "ಗೆದ್ದು ಬಂದಿ ಬಿಡವಾ," ಅಂದರು. ಆಕೆಯೂ ಹಾಗೇ ಅಂದುಕೊಂಡಿದ್ದಳು.

ಉಳಿದದ್ದು ಒಂದು ಗುಳಿಗೆ ಮಾತ್ರ. ಮೈಯಲ್ಲಿ ಹುಟ್ಟುವ ಹೆಣ್ಣು ಹಾರ್ಮೋನು ಆಕೆಯ ರೋಗಕ್ಕೆ ಮೇವು, ಆ ಮೇವು ನಿಲ್ಲಿಸಬೇಕು, ಐದು ವರ್ಷ ದಿನಾ ಒಂದು ತಗೋ ಎಂದು ಕಲಬುರಗಿಯ ಡಾಕ್ಟರು ಹೇಳಿದ್ದರು. ಮುಂಜಾನೆ ನಾಷ್ಟಾ ಆದ ಮೇಲೆ ಹಣಮಂತರಾಯನೇ ನೀರಿನ ಜೊತೆ ತಂದು ಕೊಡುತ್ತಿದ್ದ.

ಮೊದಲು ಬಂದದ್ದು ಝಳ. ಸೊಂಟದಿಂದೆದ್ದು ಎದೆ, ಕುತ್ತಿಗೆ, ಕಿವಿಯವರೆಗೆ ಏರಿ, ಮುಖವೆಲ್ಲ ಕೆಂಪಾಗಿ, ಕುಪ್ಪಸ ತೊಯ್ದು, ಆಮೇಲೆ ಇದ್ದಕ್ಕಿದ್ದಂತೆ ಚಳಿ ಹತ್ತುತ್ತಿತ್ತು. ಒಲೆಯ ಮುಂದೆ ಕೂತವಳಿಗೆ ಯಾವುದು ಒಲೆಯ ಕಾವು, ಯಾವುದು ತನ್ನದು ಎಂದು ತಿಳಿಯುತ್ತಿರಲಿಲ್ಲ. ಅದನ್ನು ಹೇಗೋ ತಡೆದುಕೊಂಡಳು. ಆಮೇಲೆ ಕೀಲುಗಳು ಹಿಡಿದವು. ಮುಂಜಾನೆ ಎದ್ದರೆ ಬೆರಳು ಮಡಚಲು ಬರುತ್ತಿರಲಿಲ್ಲ. ಹಿಮ್ಮಡಿ, ಮೊಣಕಾಲು, ಸೊಂಟ ಒಂದೊಂದಾಗಿ ಬಿಗಿದವು. ಒಂದು ದಿನ ಹಾಸಿಗೆಯಿಂದ ಏಳುವಾಗ ಎಡಗೈಯಿಂದ ಗೋಡೆ ಹಿಡಿದು, ಬಲಗೈ ತೊಡೆಗೆ ಊರಿ, ಬಾಯಿಂದ ಸಣ್ಣಗೆ "ಶಿವನೇ" ಅಂದಳು. ಅಂದವಳೇ ಹಾಗೇ ನಿಂತಳು. ಆ ಏಳುವ ರೀತಿ ಆಕೆಯದಾಗಿರಲಿಲ್ಲ. ಅದು ಅಕ್ಕನದು.

ಅಕ್ಕ ಸುಭದ್ರಾಬಾಯಿಯನ್ನು ನಿಂಬರ್ಗಾಕ್ಕೆ ಕೊಟ್ಟಿತ್ತು. ಮೊಲೆಯಲ್ಲಿ ಗಂಟಾದದ್ದನ್ನು ಅವಳು ಯಾರಿಗೂ ತೋರಿಸಲಿಲ್ಲ. ತೋರಿಸುವ ಹೊತ್ತಿಗೆ ಅದು ಎಲುಬಿಗೆ ಇಳಿದಿತ್ತು. ಕಡೆಯ ದಿನಗಳನ್ನು ಅವಳು ಕಳೆದದ್ದು ಖಜೂರಿಯಲ್ಲೇ, ಭುವನೇಶ್ವರಿಯ ಒಳಕೋಣೆಯಲ್ಲಿ. ತಂಗಿಯೇ ಎತ್ತಿ ಕೂರಿಸಿದಳು, ತಂಗಿಯೇ ಬೀಸಣಿಗೆ ಬೀಸಿದಳು. "ಎಲುಬಿನ್ಯಾಗ ಯಾರೋ ಬಂದು ಕುಂತಂಗ ಆಗ್ಯಾದ ಬೇ," ಅನ್ನುತ್ತಿದ್ದಳು ಅಕ್ಕ. "ಎದ್ದು ಹೋಗ್ರಿ ಅಂದ್ರ ಹೋಗವಲ್ರು."

ಅಕ್ಕ ಸತ್ತು ಹದಿನೈದು ವರ್ಷವಾಗಿತ್ತು. ಆ ಮಾತು ಈಗ ಭುವನೇಶ್ವರಿಯ ಮೊಣಕಾಲೊಳಗಿಂದ ಕೇಳಿಸತೊಡಗಿತು.

ಅಂದಿನಿಂದ ಅಕ್ಕ ಮನೆಯಲ್ಲಿ ಇದ್ದೇ ಇದ್ದಳು. ಕಾಣುತ್ತಿರಲಿಲ್ಲ. ಝಳ ಏಳುವ ಮುಂಚೆ ಒಂದು ಗಳಿಗೆ ಯಾರೋ ಬೆನ್ನ ಹಿಂದೆ ಬಂದು ಬಗ್ಗಿ ನಿಂತಂತೆ ಆಗುತ್ತಿತ್ತು, ಕುತ್ತಿಗೆಯ ಮೇಲೆ ಬಿಸಿ ಉಸಿರು ಬಿದ್ದಂತೆ. ಒಂದು ಮಧ್ಯಾಹ್ನ ಗಿರಾಕಿಗಳು ತುಂಬಿದ್ದಾಗ ಭುವನೇಶ್ವರಿ ತಿರುಗದೆಯೇ, "ತುಸು ಸರಿ ಅಕ್ಕಾ, ಝಳ ಬಡ್ಯಾಕತ್ತದ," ಅಂದುಬಿಟ್ಟಳು.

ಅಂಬುಬಾಯಿ ಹಿಟ್ಟಿನ ಕೈ ಹಾಗೇ ಹಿಡಿದು ನೋಡಿದಳು. "ಯಾರಿಗಿ ಅಂದ್ರಿ?"

"ನಿನಗ."

"ನಾ ಈ ಕಡಿ ಕುಂತೇನಿ ಅಲ್ರಿ."

ಭುವನೇಶ್ವರಿ ರೊಟ್ಟಿ ತಿರುವಿದಳು. ಹಿಂದೆ ಇದ್ದದ್ದು ಜೋಳದ ಚೀಲ.

ಗಂಡ ಕೇಳಿದಾಗ ಕೂತು ಕೂತು ಜೋಮು ಹಿಡಿದಿದೆ ಅಂದಳು. ಮೂರು ತಿಂಗಳಿಗೊಮ್ಮೆ ದವಾಖಾನೆಗೆ ಹೋದಾಗಲೂ, "ಏನೂ ತ್ರಾಸಿಲ್ರಿ," ಎಂದು ಹೇಳಿ ಬಂದಳು. ನೋವು ಎಂದರೆ ಪರೀಕ್ಷೆ ಮಾಡುತ್ತಾರೆ. ಪರೀಕ್ಷೆ ಮಾಡಿದರೆ ಅಕ್ಕನಿಗೆ ಹೇಳಿದ ಮಾತನ್ನೇ ತನಗೂ ಹೇಳುತ್ತಾರೆ. ಹೇಳುವ ತನಕ ಅದು ಬರೀ ಕಾಲುನೋವು.

ಅಕ್ಕನ ಮಗಳು ವಿದ್ಯಾವತಿ ಜೇವರ್ಗಿಯಲ್ಲಿದ್ದಳು, ಮದುವೆಯಾಗಿ ಆರು ವರ್ಷ. ತಾಯಿ ಸತ್ತ ಮೇಲೆ ಅವಳನ್ನು ಬೆಳೆಸಿದ್ದು ಈ ಚಿಗವ್ವನೇ. ಚಳಿಗಾಲ ಶುರುವಾದ ಹೊತ್ತಿಗೆ ಅವಳು ನೋಡಲು ಬಂದಳು. ಊಟ ಮುಗಿದಿತ್ತು. ಚಿಗವ್ವ ಏಳಲು ಗೋಡೆ ಹಿಡಿದಳು, ಕೈ ತೊಡೆಗೆ ಊರಿದಳು. ವಿದ್ಯಾವತಿಯ ಕೈಯಲ್ಲಿದ್ದ ತಾಟು ಕೆಳಗೆ ಬಿದ್ದು ಗಿರಗಿರ ತಿರುಗಿತು.

"ಚಿಗವ್ವ, ಯಾವಾಗಿಂದ?"

"ಏನು?"

"ಹಿಂಗ ಏಳೂದು. ನಮ್ಮವ್ವ ಹಿಂಗ ಏಳ್ತಿದ್ಳು. ನಾ ಆ ಬಾಗಲದಾಗ ನಿಂತು ನೋಡ್ತಿದ್ದೆ."

ನಾಲ್ಕು ಜನರ ಮನೆಯಲ್ಲಿ ಅಂದು ಹದಿಮೂರರ ಹುಡುಗಿ ಬಾಗಿಲಲ್ಲಿ ನಿಂತದ್ದನ್ನು ಭುವನೇಶ್ವರಿ ಗಮನಿಸಿಯೇ ಇರಲಿಲ್ಲ. ಆ ಹುಡುಗಿಗೂ ಎಲ್ಲ ನೆನಪಿತ್ತು, ಗೋಡೆ ಹಿಡಿದ ಕೈ ಸಮೇತ.

"ನಾಳಿನೇ ದವಾಖಾನಿಗಿ ಹೋಗೂಣು," ಅಂದಳು ವಿದ್ಯಾವತಿ.

"ತೊಗರಿ ರಾಶಿ ಆಗ್ಲಿ. ಈಗ ಲಾರಿ ಗದ್ದಲ ಭಾಳ ಅದ."

"ರಾಶಿಗೂ ನಿನಗೂ ಏನು ಸಂಬಂಧ?"

"ಆಗ್ಲಿ ಅಂದೇನಿ. ಬರ್ತೇನಿ."

ವಿದ್ಯಾವತಿ ಹೋದ ಮೇಲೆ ಭುವನೇಶ್ವರಿ ತಾನೇ ಒಂದು ಪರೀಕ್ಷೆ ಹೂಡಿದಳು. ಈ ನೋವು ಗುಳಿಗೆಯದಾದರೆ ಗುಳಿಗೆ ಬಿಟ್ಟರೆ ಹೋಗಬೇಕು. ಹೋಗದಿದ್ದರೆ ಅದು ಅಕ್ಕನದು. ಗಂಡ ಕೊಟ್ಟ ಗುಳಿಗೆಯನ್ನು ದವಡೆಯಲ್ಲಿ ಒತ್ತಿಟ್ಟುಕೊಂಡು, ನೀರು ಕುಡಿದು, ಅವನು ಅತ್ತ ಹೋದ ಮೇಲೆ ಒಲೆಯ ಬೂದಿಯಲ್ಲಿ ಉಗುಳಿದಳು. ಮರುದಿನವೂ ಹಾಗೇ ಮಾಡಿದಳು. ಹಣಮಂತರಾಯ ಖಾಲಿ ಲೋಟ ತಿರುಗಿ ತಗೊಂಡು ಹೋಗುವಾಗ ಅವನ ಬೆನ್ನು ನೋಡಲಾಗದೆ ಆಕೆ ಒಲೆಗೆ ಕಟ್ಟಿಗೆ ನೂಕುತ್ತಿದ್ದಳು.

ಮೊದಲ ವಾರಗಳಲ್ಲಿ ಏನೂ ಬದಲಾಗಲಿಲ್ಲ. ಹಾಗಾದರೆ ಇದು ಅದೇ ಎಂದು ಆಕೆ ಗಟ್ಟಿ ಮಾಡಿಕೊಂಡಳು. ಯಾವ ಸೀರೆ ಯಾರಿಗೆ ಹೋಗಬೇಕು ಎಂದು ಮನಸ್ಸಿನಲ್ಲೇ ಹಂಚಿದಳು. ಆಮೇಲೆ, ರಾಶಿ ಮುಗಿದು ಹೊಟ್ಟು ಹೊತ್ತ ಟ್ರ್ಯಾಕ್ಟರುಗಳು ರಸ್ತೆಯಲ್ಲಿ ಓಡಾಡತೊಡಗಿದಾಗ, ಒಂದು ಮುಂಜಾನೆ ಎದ್ದು ಬಚ್ಚಲ ತನಕ ನಡೆದ ಮೇಲೆ ಗೋಡೆ ಹಿಡಿದಿಲ್ಲ ಎಂಬುದು ಅರಿವಿಗೆ ಬಂತು. ಬೆರಳು ಮಡಚಿದಳು. ಮಡಚಿದವು. ಝಳವೂ ಅಪರೂಪವಾಗಿತ್ತು. ಬೆನ್ನ ಹಿಂದೆ ಯಾರೂ ಇರಲಿಲ್ಲ.

ಆ ಒಂದು ದಿನ ಆಕೆ ಹಗುರವಾಗಿ ಓಡಾಡಿದಳು. "ಇವತ್ತ ಖುಷ್ ಅದೀರಿ," ಅಂದಳು ಅಂಬುಬಾಯಿ.

ಮರುದಿನ ಮೈಮೇಲೆ ನೀರು ಹಾಕಿಕೊಳ್ಳುವಾಗ ಬೇರೆ ಯೋಚನೆ ಬಂತು. ಮೇವು ನಿಲ್ಲಿಸುವ ಗುಳಿಗೆ ಬಿಟ್ಟೆ. ಹಾಗಾದರೆ ಮೇವು ಮತ್ತೆ ಬೀಳುತ್ತಿದೆ. ಅಕ್ಕ ಮನೆ ಬಿಟ್ಟು ಹೋಗಿರಲಿಲ್ಲ. ಹೊರಗೆ ಕಟ್ಟೆಯ ಮೇಲೆ ಕೂತು, ಕರೆಯಲಿ ಎಂದು ಕಾಯುತ್ತಿದ್ದಂತೆ ಆಕೆಗೆ ಅನಿಸಿತು. ಉಳಿದ ಬಲಮೊಲೆಯನ್ನು ಬೆರಳಿನಿಂದ ಒತ್ತಿ ನೋಡಿದಳು. ಏನೂ ಇಲ್ಲ. ಸೀರೆ ಉಟ್ಟ ಮೇಲೆ ಮತ್ತೆ ಒತ್ತಿ ನೋಡಿದಳು. ಗಿರಾಕಿಗಳ ನಡುವೆ ಎದ್ದು ಹೋಗಿ ಕೋಣೆಯಲ್ಲಿ ಮತ್ತೆ ನೋಡಿದಳು. ಒತ್ತಿ ಒತ್ತಿ ಅಲ್ಲಿ ಕಂದಿ ಹೋಯಿತು. ನೋವಿದ್ದಾಗ ಅಕ್ಕ ಎಲ್ಲಿದ್ದಾಳೆ ಎಂದಾದರೂ ಗೊತ್ತಿತ್ತು. ಈಗ ಅದೂ ಇಲ್ಲ.

ಅಂದೇ ಜೇವರ್ಗಿಗೆ ಫೋನು ಮಾಡಿದಳು. "ವಿದ್ಯಾ, ಬಾ. ದವಾಖಾನಿಗಿ ಹೋಗೂಣು. ನನಗ ಒಬ್ಬಾಕಿಗಿ ಆಗವಲ್ದು." ಗಂಡನಿಗೂ ಬೂದಿಯ ವಿಷಯ ಹೇಳಿದಳು. ಹಣಮಂತರಾಯ ಕೈಯಲ್ಲಿದ್ದ ತಾಟು ಕೆಳಗಿಟ್ಟ. "ನನಗ ಹೇಳಿದ್ರ ನಾ ಏನು ಹೊಡೀತಿದ್ನಾ ಬೇ?" ಅಂದ.

ಕಲಬುರಗಿಯ ಆ ಡಾಕ್ಟರ ಹೆಸರು ನಿಶಾತ. ಎಲ್ಲ ಕೇಳಿದ ಮೇಲೆ ಆಕೆ ಬೈಯಲಿಲ್ಲ. "ಹೇಳದ ಗುಳಿಗಿ ಬಿಡೋರು ಭಾಳ ಮಂದಿ ಅದಾರವ್ವ," ಅಂದಳು. "ಬ್ಯಾನಿ ಎರಡೂ ಕೈಗಿ ಇತ್ತೋ, ಒಂದಕ್ಕೋ?"

"ಎರಡಕ್ಕೂರಿ."

"ಮುಂಜಾನಿ ಜಾಸ್ತಿ, ಓಡ್ಯಾಡಿದ ಮ್ಯಾಲ ಕಡಿಮಿ?"

"ಹೌದ್ರಿ."

"ಇದು ಗುಳಿಗಿ ಕೆಲಸ. ಹಾರ್ಮೋನು ಕಡಿಮಿ ಆದ್ರ ಕೀಲು ಹಿಂಗ ಹಿಡಿತಾವ. ರೋಗ ಎಲುಬಿಗಿ ಇಳದದ್ದು ಸಾಮಾನ್ಯ ಒಂದೇ ಜಾಗಾದಾಗ ಕುಂತು ದಿನಾ ಹೆಚ್ಚಾಗ್ತದ. ಆದ್ರೂ ನಾ ಬಾಯಿಮಾತಿನ ಮ್ಯಾಲ ಬಿಡಂಗಿಲ್ಲ. ಸ್ಕ್ಯಾನ್ ಮಾಡೂಣು."

ಸ್ಕ್ಯಾನಿನ ಯಂತ್ರದಡಿ ಅಲ್ಲಾಡದೆ ಮಲಗಿದ್ದಾಗ ಭುವನೇಶ್ವರಿಗೆ, ಅದರೊಳಗೆ ತನ್ನ ಎಲುಬು ಕಾಣುತ್ತದೋ, ಅಕ್ಕನ ಎಲುಬು ಕಾಣುತ್ತದೋ ಎಂದು ಭಯವಾಯಿತು. ಕಂಡದ್ದು ಆಕೆಯವೇ. ತುಸು ಸವೆದಿದ್ದವು, ರೋಗ ಎಲ್ಲೂ ಇರಲಿಲ್ಲ.

"ಮುಂದನೂ ಬರಂಗಿಲ್ಲೇನ್ರಿ?" ಎಂದು ಕೇಳಿದಳು.

ನಿಶಾತ ಸುಳ್ಳು ಹೇಳಲಿಲ್ಲ. "ಅದು ನನ್ನ ಕೈಯಾಗ ಇಲ್ಲವ್ವ. ಬರೂದು ಕಡಿಮಿ ಆಗ್ಲಿ ಅಂತ ಈ ಗುಳಿಗಿ. ಇದು ಆಗಲಿಲ್ಲಂದ್ರ ಇದೇ ಜಾತಿದು ಬ್ಯಾರೆದು ಅದ, ಅದನ್ನ ಕೊಡ್ತೇನಿ. ಎಲುಬಿಗಿ ಕ್ಯಾಲ್ಸಿಯಂ, ವಿಟಮಿನ್. ದಿನಾ ನಡೀಬೇಕು. ತ್ರಾಸ ಆದ್ರ ನನಗ ಹೇಳಬೇಕು, ಬೂದಿಗಿ ಅಲ್ಲ." ಆಮೇಲೆ ಆಕೆ ವಿದ್ಯಾವತಿಯ ಕಡೆ ತಿರುಗಿದಳು. "ನಿಮ್ಮ ಅವ್ವ, ನಿಮ್ಮ ಚಿಗವ್ವ, ಇಬ್ಬರಿಗೂ ಆಗ್ಯಾದ. ನೀವು ತೋರ್ಸೀರಿ?"

ವಿದ್ಯಾವತಿ ಸೆರಗು ಎಳೆದು ಎದೆ ಮುಚ್ಚಿಕೊಂಡಳು. ದವಾಖಾನೆಗೆ ಬಾ ಎಂದು ಚಿಗವ್ವನಿಗೆ ಅಷ್ಟು ಒತ್ತಾಯ ಮಾಡಿದ್ದವಳು ಈಗ ಬಾಗಿಲ ಕಡೆ ನೋಡಿದಳು. "ಮುಂದಿನ ಸರ್ತಿ," ಅಂದಳು.

ಹೊಸ ಗುಳಿಗೆಗೂ ಕೀಲು ಹಿಡಿದವು, ಆದರೆ ಮೊದಲಿನಷ್ಟಲ್ಲ. ಮುಂಜಾನೆ ಬಿಸಿನೀರಲ್ಲಿ ಕೈ ಇಟ್ಟರೆ ಬೆರಳು ಸಡಿಲಾಗುತ್ತಿದ್ದವು. ಹೊತ್ತು ಮುಳುಗುವ ಮುಂಚೆ ಗಂಡಹೆಂಡತಿ ರಸ್ತೆಯ ಮಗ್ಗುಲಲ್ಲಿ ಚೆಕ್‌ಪೋಸ್ಟಿನ ತನಕ ನಡೆದು ಬರುತ್ತಿದ್ದರು. ಅಂಬುಬಾಯಿ ರೊಟ್ಟಿ ಬಡಿಯಲು ಕೂತಳು. ಭುವನೇಶ್ವರಿ ಒಲೆಯಿಂದ ದೂರ, ಗಾಳಿಗೆ ಕೂತು ಪುಂಡಿಪಲ್ಯದ ಎಲೆ ಬಿಡಿಸಿ ಸೋಸಿದಳು. ಝಳ ಮರಳಿ ಬಂತು. ಅದರ ಜೊತೆ ಅಕ್ಕನೂ ಬಂದಳು.

ಒಂದು ತಿಂಗಳ ಮೇಲೆ ತೋರಿಸಲು ಹೋದಾಗ ವಿದ್ಯಾವತಿಯನ್ನೂ ಬಿಡದೆ ಕರೆದುಕೊಂಡು ಹೋದಳು. ಒಳಗೆ ಕರೆದಾಗ ಹುಡುಗಿ ಸೆರಗು ಹೊದ್ದು ಒಬ್ಬಳೇ ಎದ್ದು ಹೋದಳು. ಬಾಗಿಲು ಮುಚ್ಚಿತು. ಹೊರಗೆ ಬೆಂಚಿನ ಮೇಲೆ ಭುವನೇಶ್ವರಿ ಒಬ್ಬಳೇ ಕೂತಳು. ಕುತ್ತಿಗೆಗೆ ಬಿಸಿ ಉಸಿರು ತಾಗಿತು. ಝಳ ಎದೆಗೆ ಏರಿತು. ಈ ಸಲ ಆಕೆ "ತುಸು ಸರಿ" ಅನ್ನಲಿಲ್ಲ; ತಾನೇ ತುಸು ಸರಿದು ಜಾಗ ಬಿಟ್ಟಳು. ಅಕ್ಕನಿಗೂ ಕಾಯುವುದಿತ್ತು. ಒಳಗೆ ಇದ್ದದ್ದು ಅವಳ ಮಗಳು.

ವಿದ್ಯಾವತಿ ಹೊರಬಂದಾಗ ಮುಖ ಬೆವರಿತ್ತು. "ಏನೂ ಇಲ್ಲಂತ," ಅಂದಳು. "ವರ್ಷಕ್ಕೊಮ್ಮಿ ತೋರಿಸ್ಬೇಕಂತ."

ಖಜೂರಿಗೆ ಮರಳಲು ಹತ್ತಿದ ಆಳಂದದ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಬಹಳ ದೂರ ಬಂದ ಮೇಲೆ ವಿದ್ಯಾವತಿ ಕೇಳಿದಳು: "ಚಿಗವ್ವ, ಬ್ಯಾನಿ ಬರೂಕಿಂತ ಮದಲ ನಮ್ಮವ್ವ ಹೆಂಗಿದ್ಳು? ನನಗ ಗೋಡಿ ಹಿಡದು ಏಳೂದೇ ನೆನಪದ."

ಭುವನೇಶ್ವರಿ ಕಿಟಕಿಯ ಕಡೆ ತಿರುಗಿದಳು. ಹದಿನೈದು ವರ್ಷ ಆಕೆಯೂ ಆ ಕೋಣೆಯ ಅಕ್ಕನನ್ನೇ ನೆನಪಿನಲ್ಲಿ ಇಟ್ಟುಕೊಂಡಿದ್ದಳು. ಹೊರಗೆ ತೊಗರಿಕಟ್ಟಿಗೆ ಕಿತ್ತ ಹೊಲಗಳು ಒಂದಾದ ಮೇಲೊಂದು ಹಿಂದೆ ಹೋದವು.

"ಘತ್ತರಗಿ ಜಾತ್ರಿಗಿ ಹೋಗಿದ್ವಿ ಒಮ್ಮಿ," ಅಂದಳು ಕಡೆಗೆ, ನಿಧಾನಕ್ಕೆ. "ನೀ ಇನ್ನೂ ಹುಟ್ಟಿದ್ದಿಲ್ಲ. ಭೀಮಾ ಹೊಳಿ ತುಂಬಿತ್ತು. ಮೆಟ್ಟಲ ಮ್ಯಾಲ ಕುಂತು ಸ್ನಾನ ಮಾಡು ಅಂದ್ರ, ನಿಮ್ಮವ್ವ ಸೀರಿ ಕಚ್ಚಿ ಹಾಕಿ ಒಳಗ ಹಾರಿಬಿಟ್ಳು. ನಾ ದಂಡಿ ಮ್ಯಾಲ ನಿಂತು ಅಳಾಕತ್ತಿದ್ದೆ. ಆಕಿ ನಡು ಹೊಳ್ಯಾಗ ಎದ್ದು, ಯಾಕ ಅಳ್ತಿ ಬೇ, ನಿನ್ನ ಬಿಟ್ಟು ಎಲ್ಲಿ ಹೋಗ್ಲಿ ಅಂದ್ಳು."

"ಈಜಾಕ ಬರ್ತಿತ್ತಾ?"

"ಭಾಳ ಚಂದ ಈಜ್ತಿದ್ಳು."

"ಇನ್ನೂ ಹೇಳು," ಅಂದಳು ವಿದ್ಯಾವತಿ. ಭುವನೇಶ್ವರಿ ಬೆವರು ಒರೆಸಿಕೊಂಡು, ಕಿಟಕಿಯ ಗಾಜು ಪೂರ್ತಿ ಸರಿಸಿ, ಹೇಳತೊಡಗಿದಳು.