ಸಾವಿರದ ಆರುನೂರ ನಲವತ್ತು ಮೈಲಿ

ಒಂಬತ್ತು ವರ್ಷದ ಗಾಡಿ ಸಾವಿರದ ಎಂಟುನೂರು ಮೈಲಿ ಮಾತ್ರ ಹೇಗೆ ಓಡಿರುತ್ತದೆ? ಅದೂ ಹಳ್ಳಿಹಳ್ಳಿ ತಿರುಗಿ ಸಿಡುಬಿಗೆ ಚುಚ್ಚಿಸುವ ದೇವಿ ಡಾಕ್ಟರರ ಮೋಟಾರ್ ಸೈಕಲ್ಲು. ಧಾರವಾಡದಿಂದ ನವಲಗುಂದದ ಕಡೆ ಒಂದು ಸಲ ಹೋಗಿ ಬಂದರೆ ಐವತ್ತು ಮೈಲಿ. ತಿಂಗಳಿಗೆ ಎರಡೇ ಸಲ ಹೋದರೂ ಒಂದೂವರೆ ವರ್ಷಕ್ಕೆ ಮೀಟರಿನ ಅಂಕಿ ಮುಗಿದುಹೋಗುತ್ತದೆ. ಮಿಕ್ಕ ಏಳೂವರೆ ವರ್ಷ ಈ ಗಾಡಿ ಎಲ್ಲಿತ್ತು? ಮೀಟರನ್ನು ಹಿಂದಕ್ಕೆ ತಿರುಗಿಸಿರಬೇಕು.

ಹುಲಗಪ್ಪ ಹಿತ್ತಲಲ್ಲಿ ಕುಕ್ಕರಗಾಲಿನಲ್ಲಿ ಕೂತು ಪೆಟ್ರೋಲ್ ಟಾಕಿಯ ಅಡಿಯನ್ನು ಉಗುರಿನಿಂದ ಕೆರೆದ. ಕರಿ ಬಣ್ಣದ ಕೆಳಗೆ ಹಸಿರು ಬಣ್ಣ ಕಂಡಿತು. ಮುಂಗಾಲಿಯನ್ನು ಹಿಡಿದ ಎರಡು ಕವಲುಗಳಲ್ಲಿ ಎಡಗಡೆಯದು ಬಲಗಡೆಯದಕ್ಕಿಂತ ಹೊಸದಾಗಿತ್ತು. ಕೈ ತುಸು ಸಡಿಲಬಿಟ್ಟರೆ ಗಾಡಿ ಎಡಕ್ಕೆ ಎಳೆಯುತ್ತಿತ್ತು.

"ಒಂದ ಸಲಾನೂ ಬಿದ್ದಿಲ್ಲ ತಮ್ಮಾ," ಎಂದು ಗಾಡಿ ಮಾರುವಾಗ ಮೈಲಾರಲಿಂಗಪ್ಪನವರು ಸೀಟಿನ ಮೇಲೆ ಕೈಯಿಟ್ಟು ಹೇಳಿದ್ದರು. "ಮೀಟರ್ ನೋಡು. ಎರಡ ಸಾವಿರ ಮೈಲಿನೂ ಆಗಿಲ್ಲ."

ಬಿದ್ದಿಲ್ಲವೆಂಬುದು ಸುಳ್ಳಾದರೆ ಮೈಲಿಯ ಮಾತೂ ಸುಳ್ಳೇ. ಬೇರೆ ಯಾರಾದರೂ ಮಾರಿದ್ದರೆ ಅವನು ಅಂದೇ ಹೋಗಿ ಕೇಳುತ್ತಿದ್ದ. ಮೈಲಾರಲಿಂಗಪ್ಪನವರನ್ನು ಹೇಗೆ ಕೇಳುವುದು? ಎಂಟು ವರ್ಷದ ಹಿಂದೆ ಕಲ್ಲಹಾಳದ ಹಳ್ಳದಾಚೆಯ ಕೇರಿಯಿಂದ ಅವನನ್ನು ಧಾರವಾಡಕ್ಕೆ ಕರೆತಂದು ಬೋರ್ಡಿಂಗಿಗೆ ಹಚ್ಚಿದವರು ಅವರು. ಅವರ ಚೀಟಿ ಇಲ್ಲದಿದ್ದರೆ ಅವನಂಥ ಹುಡುಗನಿಗೆ ಆ ಬಾಗಿಲು ತೆರೆಯುತ್ತಿರಲಿಲ್ಲ. ಬಿ.ಎ. ಮುಗಿಸಿ, ಈ ವರ್ಷ, ಸಾವಿರದ ಒಂಬೈನೂರ ನಲವತ್ತರಲ್ಲಿ, ಅವರು ಪೆನ್ಶನ್ ಪಡೆದು ಎದ್ದುಹೋದ ದೇವಿ ಡಾಕ್ಟರರ ಕುರ್ಚಿಯಲ್ಲೇ ಬಂದು ಕೂತಿದ್ದ. ಗಾಡಿಯನ್ನೂ ಅವರೇ ಮನೆಗೆ ಕರೆದು ಕೊಟ್ಟಿದ್ದರು. ಹಳ್ಳಿ ತಿರುಗುವವನಿಗೆ ಬೇಕಾಗುತ್ತದೆ ಎಂದಿದ್ದರು.

ಅವನ ಅವ್ವ ಉಡಚವ್ವ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಗಾಡಿ ಮನೆಗೆ ಬಂದು ಹದಿನೈದು ದಿನವಾಗಿದ್ದರೂ ಅವಳು ಅದರ ಹತ್ತಿರ ಸುಳಿದಿರಲಿಲ್ಲ. ಅವನು ಕಿಕ್ ಹೊಡೆದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಒಳಗೆ ಹೋಗುತ್ತಿದ್ದಳು.

"ಮುಂಜಾನಿಂದ ಏನ ನೋಡಾಕತ್ತೀಯೋ ಯಪ್ಪಾ? ಸಂತ್ಯಾಗ ಎತ್ತಿನ ಹಲ್ಲ ನೋಡಿದಂಗ."

"ಎಷ್ಟ ಓಡೈತಿ ಅಂತ ನೋಡಾಕತ್ತೇನವ್ವ. ಇದರಾಗ ಏನೋ ಮೋಸ ಐತಿ ಅನಸ್ತೈತಿ."

"ಅವರು ಮೋಸ ಮಾಡಾವ್ರಲ್ಲ." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಇದ ಸಪ್ಪಳ ನೋಡು ಅವತ್ತ ಕೇಳಿದ್ದು. ಆವಾಗ ನಾ ಓಡಿ ಬಂದಿದ್ರ..."

ಅವಳ ಮಾತು ಯಾವಾಗಲೂ ಅಲ್ಲಿಗೇ ನಿಲ್ಲುತ್ತಿತ್ತು. ಮುಂದಿನದು ಅವನಿಗೆ ಗೊತ್ತಿತ್ತು.

ಮೂವತ್ತೆರಡನೆಯ ಇಸವಿಯ ಹತ್ತಿ ಸುಗ್ಗಿ. ದೇವಿ ಚುಚ್ಚುವವನು ಊರಿಗೆ ಬಂದ ದಿನ ಕೇರಿಯ ಆರೂ ಮನೆಯವರು ಹತ್ತಿ ಬಿಡಿಸಲು ಹೊಲಕ್ಕೆ ಹೋಗಿದ್ದರು. ಹಾಗೆ ತಪ್ಪಿಹೋದ ಮನೆಗಳಿಗೆ ಮೇಲಿನ ಸಾಹೇಬರು ತಾವೇ ಎರಡನೆಯ ಸಲ ಬರಬೇಕೆಂಬುದು ಕಾಯಿದೆ. ಮೇ ತಿಂಗಳಲ್ಲಿ ಕೇರಿಗೆ ದೇವಿ ಬಂದಳು. ಹುಲಗಪ್ಪನ ತಂಗಿ, ಮೂರು ವರ್ಷದ ಕಸ್ತೂರೆವ್ವ, ಒಂಬತ್ತನೆಯ ದಿನ ಹೋದಳು. ಆಮೇಲೆ ಮೈಲಾರಲಿಂಗಪ್ಪನವರು ಚಕ್ಕಡಿಯಲ್ಲಿ ಬಂದು, ಬೇವಿನ ಗಿಡದ ಕೆಳಗೆ ನಿಂತು, ಪುಸ್ತಕ ತೆರೆದು ಓದಿದರು: ಮಾರ್ಚ್ ಏಳನೇ ತಾರೀಖು ಎರಡನೇ ಸಲ ಬಂದಿದ್ದೆ, ಮನೆಯಲ್ಲಿ ಯಾರೂ ಇರಲಿಲ್ಲ.

ಉಡಚವ್ವ ಅಲ್ಲಗಳೆಯಲಿಲ್ಲ. ಖರೇ ಐತ್ರಿ, ಎಂದಳು. ಹೊಲದಲ್ಲಿದ್ದಾಗ ಫಟಫಟಿಯ ಸಪ್ಪಳ ಕಿವಿಗೆ ಬಿದ್ದಿತ್ತು, ಉಡಿ ಇನ್ನೂ ತುಂಬಿರಲಿಲ್ಲ, ನಾಳೆ ಮತ್ತೆ ಬಂದಾರು ಎಂದುಕೊಂಡೆ, ಎಂದಳು. ಎಲ್ಲರೆದುರಿಗೆ ಹೇಳಿದಳು. ಅಂದಿನಿಂದ ಅವಳು ಮಂಗಳವಾರ ಉಣ್ಣುವುದಿಲ್ಲ. ಯಾರ ಮನೆಯ ಕೂಸನ್ನೂ ಎತ್ತಿಕೊಳ್ಳುವುದಿಲ್ಲ.

ಅದೇ ದಿನ, ಪುಸ್ತಕ ಮುಚ್ಚಿದ ಮೇಲೆ, ಸಾಹೇಬರು ಗಿಡದ ಬುಡದಲ್ಲಿ ಕೂತಿದ್ದ ಹುಲಗಪ್ಪನನ್ನು ಕೇಳಿದ್ದರು: "ಸಾಲ್ಯಾಗ ಎಷ್ಟನೇ ಇಯತ್ತೆ?"

ರವಿವಾರ ಅವನು ಗಾಡಿಯನ್ನು ಹುಬ್ಬಳ್ಳಿಗೆ ಒಯ್ದ. ಉಸ್ಮಾನಸಾಬನ ತಗಡಿನ ಶೆಡ್ಡು ಸ್ಟೇಶನ್ ರಸ್ತೆಯ ಹಿಂದೆ ಇತ್ತು. ಮೋಟಾರು ರಿಪೇರಿಯಲ್ಲಿ ಹಳೆಯ ಕೈ. ಗಾಡಿ ಒಳಗೆ ಬರುತ್ತಲೇ ಅವನು ಕೈಯೊರೆಸಿಕೊಂಡು ನಕ್ಕ.

"ಬರ್ರಿ ಬರ್ರಿ. ಇದು ಮೈಲಾರಲಿಂಗಪ್ಪ ಸಾಹೇಬ್ರ ಗಾಡಿ ಅಲ್ಲೇನ್ರಿ? ಇನ್ನೂ ಜೀವ ಐತಿ ಇದಕ್ಕ?"

"ನಾ ತಗೊಂಡೇನಿ. ಮೀಟರ್ ತಿರಿವ್ಯಾರೇನು, ಅದನ್ನ ಹೇಳು."

"ಕುಂದರ್ರಿ ಮೊದಲ. ಕೋರ್ಟಿಗೆ ಬಂದವರಂಗ ನಿಂತೀರಿ."

ಉಸ್ಮಾನಸಾಬ ಒಂದು ತಾಸು ಕೆಲಸ ಮಾಡಿದ. ಎಂಜಿನ್ನಿನ ಮೇಲ್ಭಾಗ ಬಿಚ್ಚಿದ, ಬೆರಳು ತೂರಿಸಿ ಒಳಗೆಲ್ಲ ಸವರಿದ, ಮೀಟರಿನ ಗಾಜಿನ ಸುತ್ತ ಉಗುರಾಡಿಸಿದ, ಟಾಯರನ್ನು ಹಿಸುಕಿ ನೋಡಿದ. ಕೊನೆಗೆ ನೆಲದ ಮೇಲೆ ಕೂತು ಬೀಡಿ ಹಚ್ಚಿದ.

"ಸಾಹೇಬ್ರ, ಇದು ಓಡಿ ಮುದುಕ ಆಗಿಲ್ರಿ. ನಿಂತ ನಿಂತ ಮುದುಕ ಆಗೈತಿ. ಒಳಗ ನೋಡ್ರಿ, ಹೊಸಾ ಮದುಮಗಳ ಕಾಲುಂಗರದಂಗ ಹೊಳ್ಯಾಕತ್ತೈತಿ. ಟಾಯರ್ ಸವದಿಲ್ಲ, ಸೀಳ್ಯಾವ. ಮೀಟರ್ ಯಾರೂ ಮುಟ್ಟಿಲ್ಲ."

"ಹಂಗಾದ್ರ ಬಿದ್ದೂ ಇಲ್ಲ?"

"ಬಿದ್ದಿಲ್ಲಾ? ಕುಂದಗೋಳ ರಸ್ತಾದಾಗ ಮೋರಿಯೊಳಗ ತಲಿಕೆಳಗ ಮಲಗಿತ್ರಿ! ಚಕ್ಕಡಿ ಮ್ಯಾಲೆ ಹಾಕ್ಕೊಂಡ ಬಂದೇವಿ. ಕವಲು ಮುಂಬೈದಿಂದ ಬರೂತನಾ ಇಲ್ಲೇ ಈ ಮೂಲ್ಯಾಗ ಬಿದ್ದಿತ್ತು. ಬಣ್ಣಾನೂ ನಂದ ಕೈಯಿಂದು." ಅವನು ಎದ್ದು ಸೀಟಿನ ಕೆಳಗೆ ಸ್ಪ್ಯಾನರು ಇಡುವ ಹತ್ಯಾರದ ಡಬ್ಬಿ ತೆರೆದು, ಮುಚ್ಚಳದ ಒಳಮೈಯನ್ನು ಅಂಗಿಯ ತುದಿಯಿಂದ ಒರೆಸಿದ. "ನೋಡ್ರಿ. ನನ್ನ ದಸ್ತಾವೇಜು."

ತಗಡಿನ ಮೇಲೆ ಮೊಳೆಯಿಂದ ಕೊರೆದ ಎರಡು ಸಾಲು ಇದ್ದವು.

"ಒಳಗ ಬಂದಾಗ ಒಂದ ಸಲ, ಹೊರಗ ಹೋಗೂವಾಗ ಒಂದ ಸಲ ತಾರೀಖು, ಮೈಲಿ ಕೊರೀತೇನ್ರಿ. ಇಲ್ಲಾಂದ್ರ ನೀವು ದೊಡ್ಡ ಮಂದಿ, 'ಉಸ್ಮಾನ ನನ್ನ ಗಾಡಿ ಮ್ಯಾಲೆ ಹೇಂತಿನ್ನ ಕುಂದರಿಸಿಕೊಂಡು ಉಣಕಲ್ ಕೆರಿಗೆ ಹೋಗಿದ್ದ' ಅಂತೀರಿ."

ಹುಲಗಪ್ಪನೂ ನಕ್ಕ. ಎಷ್ಟೋ ದಿನದಿಂದ ಎದೆಯ ಮೇಲೆ ಕೂತಿದ್ದದ್ದು ಇಳಿದಂತಾಯಿತು. ಮೀಟರು ಖರೆ. ಬಿದ್ದದ್ದನ್ನು ಮುದುಕ ನಾಚಿಕೆಗೆ ಮುಚ್ಚಿಟ್ಟಿದ್ದಾನೆ, ಅಷ್ಟೇ. ಅವನು ಬಗ್ಗಿ ಸಾಲುಗಳನ್ನು ಓದಿದ.

೧೮-೧-೩೨. ೧೬೪೦.

೯-೪-೩೨. ೧೬೪೦.

ನಗು ಮುಖದ ಮೇಲೆ ಇದ್ದಂತೆಯೇ ಅವನು ಇನ್ನೊಂದು ಸಲ ಓದಿದ. ಜನವರಿ ಹದಿನೆಂಟು. ಎಪ್ರಿಲ್ ಒಂಬತ್ತು.

"ಉಸ್ಮಾನಸಾಬ, ನಡುವ ಒಂದ ದಿನಾ ಹೊರಗ ಹೋಗಿತ್ತೇನು? ಮಾರ್ಚ್ ತಿಂಗಳದಾಗ?"

"ಮುಂಗಾಲಿ ಇಲ್ಲದ ಗಾಡಿ ಹ್ಯಾಂಗ ಹೋಗ್ತೈತ್ರಿ? ಯುಗಾದಿ ಮುಗದ ಮ್ಯಾಲೇನ ಒಯ್ದರು. ಅವರೂ ಹತ್ತಲಿಲ್ಲ. ಆಳಿನ ಕೈಲೆ ನೂಕಿಸಿಕೊಂಡು ಹೋದರು. ಆಮ್ಯಾಲೆ ಅವರು ಇದರ ಮ್ಯಾಲೆ ಕುಂತದ್ದು ನಾ ನೋಡಿಲ್ಲ."

ಮರುದಿನ ಕಚೇರಿಯಲ್ಲಿ ಅವನು ಹಳೆಯ ಕಪಾಟು ತೆಗೆದ. ಮೂವತ್ತೆರಡರ ತಿರುಗಾಟದ ಡೈರಿ ದಾರ ಕಟ್ಟಿದಂತೆಯೇ ಇತ್ತು. ಮೈಲಾರಲಿಂಗಪ್ಪನವರ ಅಕ್ಷರ ದುಂಡಗೆ, ಒಂದು ತಿದ್ದೂ ಇಲ್ಲದೆ. ಮಾರ್ಚ್ ಏಳು: ಮೋಟಾರ್ ಸೈಕಲ್ಲಿನ ಮೇಲೆ ಕಲ್ಲಹಾಳಕ್ಕೆ ಹೋದೆ. ಹಳ್ಳದಾಚೆಯ ಕೇರಿಯ ಆರು ಮನೆ ನೋಡಿದೆ. ಎಲ್ಲ ಮನೆಗೂ ಕದ ಹಾಕಿತ್ತು. ಅದರ ಹಿಂದಿನ ದಿನ ಬೇರೊಂದು ಹಳ್ಳಿ, ಮುಂದಿನ ದಿನ ಮತ್ತೊಂದು. ಫೆಬ್ರುವರಿ ತುಂಬ, ಮಾರ್ಚ್ ತುಂಬ ಅವರು ತಿರುಗಿದ್ದರು. ಗಾಡಿ ಶೆಡ್ಡಿನ ಮೂಲೆಯಲ್ಲಿ ಮುಂಗಾಲಿಯಿಲ್ಲದೆ ಬಿದ್ದಿತ್ತು.

ಅವನು ಅವರ ಪರವಾಗಿ ಯೋಚಿಸಲು ನೋಡಿದ. ಚಕ್ಕಡಿಯಲ್ಲಿ ಹೋಗಿ, ರೂಢಿಯ ಮೇಲೆ ಮೋಟಾರ್ ಎಂದು ಬರೆದಿರಬಹುದು. ಯಾರದೋ ಗಾಡಿಯನ್ನು ಬೇಡಿ ಒಯ್ದಿರಬಹುದು. ಸಂಜೆ ಸಪ್ತಾಪುರದ ಅವರ ಮನೆಗೆ ನಡೆದುಕೊಂಡೇ ಹೋದ. ದಾರಿಯುದ್ದಕ್ಕೂ ಇಂಥ ನಾಲ್ಕೈದು ಕಾರಣ ಹೊಂದಿಸಿದ. ಅವುಗಳಲ್ಲಿ ಯಾವುದಾದರೂ ಒಂದನ್ನು ಅವರ ಬಾಯಿಂದ ಕೇಳಿದರೆ ಸಾಕೆನಿಸಿತ್ತು.

ಮೈಲಾರಲಿಂಗಪ್ಪನವರು ಅಂಗಳದಲ್ಲಿ ಬೆತ್ತದ ಕುರ್ಚಿಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ಇವನಿಗೂ ಕುರ್ಚಿ ತರಿಸಿದರು. ಅವನ ಕೇರಿಯವರಿಗೆ ಕುರ್ಚಿ ಕೊಡುವವರು ಆ ಓಣಿಯಲ್ಲಿ ಬೇರೆ ಯಾರೂ ಇರಲಿಲ್ಲ.

"ಗಾಡಿ ಹ್ಯಾಂಗೈತಿ ತಮ್ಮಾ?"

"ಛಲೋ ಐತ್ರಿ. ಉಸ್ಮಾನಸಾಬಗ ತೋರಿಸಿದ್ನಿ."

ಶೇಂಗಾದ ಸಿಪ್ಪೆ ಒಡೆಯುವ ಸದ್ದು ನಿಂತಿತು.

"ಏನಂದ?"

"ಮೀಟರ್ ಖರೇ ಐತಿ ಅಂದ್ರಿ. ಡಬ್ಬಿ ಮುಚ್ಚಳದಾಗ ತಾರೀಖು ಕೊರದಾನ."

ಎದುರಿನ ಗೋಡೆಯ ಮೇಲೆ ಬಿಸಿಲು ಏರುತ್ತ ಹೋಗಿ ಹಂಚಿನ ಅಂಚಿಗೆ ಮುಟ್ಟಿತು.

"ಬಿದ್ದಿಲ್ಲ ಅಂದಿದ್ದೆ ನಿನಗ. ಅದು ಸುಳ್ಳ," ಎಂದರು ಕೊನೆಗೆ. "ಕಾಲು ಹದಿನೈದ ದಿನಕ್ಕ ನೆಟ್ಟಗಾತು. ಅಂಜಿಕಿ ಹೋಗಲಿಲ್ಲ. ಓಣಿ ದಾಟಿದ್ರ ಮೈ ಬೆವರತಿತ್ತು. ಯಾರಿಗೆ ಹೇಳೂದು? ನಗತಿದ್ರು." ಬೊಗಸೆಯ ಕಾಳನ್ನು ತಟ್ಟೆಗೆ ಸುರಿದರು. "ಆ ಮೂರ ತಿಂಗಳು ನಾ ಎಲ್ಲಿಗೂ ಹೋಗಲಿಲ್ಲ ತಮ್ಮಾ. ಎಲ್ಲಿಗೂ."

ಅವರು ಅವನ ಕಡೆ ನೋಡಲಿಲ್ಲ. ಡೈರಿಗಳಿರುವ ಕಚೇರಿಯವನಿಗೇ ಕರೆದು ಗಾಡಿ ಕೊಟ್ಟದ್ದು, ಮೀಟರ್ ನೋಡು ಎಂದು ತಾವೇ ತೋರಿಸಿದ್ದು ಮರೆವಿನಿಂದಲೋ, ಅಲ್ಲವೋ? ಬೋರ್ಡಿಂಗಿನ ಚೀಟಿಯನ್ನು ಯಾಕೆ ಬರೆದಿರಿ? ನನ್ನ ಇಯತ್ತೆ ಕೇಳುವಾಗ ನಿಮ್ಮ ಮನಸ್ಸಿನಲ್ಲಿ ಏನಿತ್ತು? ಪ್ರಶ್ನೆಗಳು ಒಂದರ ಮೇಲೊಂದು ಬಂದವು. ಅವನು ಒಂದನ್ನೂ ಕೇಳಲಿಲ್ಲ. ಉತ್ತರ ಬಂದರೆ ತಾನು ಓದಿದ ಪುಸ್ತಕ, ಉಂಡ ಅನ್ನ, ಈಗ ತೊಟ್ಟ ಕೋಟು ಎಲ್ಲಕ್ಕೂ ಅದು ಹತ್ತಿಕೊಳ್ಳುತ್ತಿತ್ತು.

"ಅವ್ವ ಹ್ಯಾಂಗದಾಳ?" ಎಂದರು ಮೈಲಾರಲಿಂಗಪ್ಪನವರು.

"ಅದಾಳ್ರಿ."

ಅವನು ಎದ್ದು ಬಂದ. ಅವರು ಬಾಗಿಲತನಕ ಬರಲಿಲ್ಲ.

ಮನೆಯಲ್ಲಿ ಉಡಚವ್ವ ರೊಟ್ಟಿ ಬಡಿಯುತ್ತಿದ್ದಳು. ದಾರಿಯಲ್ಲಿ ಅವನು ಮಾತನ್ನು ಸಿದ್ಧಮಾಡಿಕೊಂಡೇ ಬಂದಿದ್ದ. ನಾಲ್ಕೇ ಶಬ್ದ ಸಾಕಿತ್ತು.

"ಮೋಸ ಆಗಿತ್ತೇನು ಯಪ್ಪಾ?"

"ಇಲ್ಲವ್ವ. ಮೀಟರ್ ಖರೇ ಐತಿ."

"ನಾ ಹೇಳಲಿಲ್ಲೇನು? ಸುಮ್ಮಸುಮ್ಮನ ಸಂಶೆ ಪಡತಿ." ಅವಳ ಕೈ ಹಿಟ್ಟಿನ ಮೇಲೆ ನಿಂತಿತು. "ದೊಡ್ಡ ಮನಸ್ಸು ಅವರದು. ತಪ್ಪು ನಂದ ಇತ್ತು. ಆದ್ರೂ ನಿನ್ನ ಕೈ ಹಿಡದರು."

ಅವನು ಬಾಯಿ ತೆರೆದ. ಒಲೆಯ ಬೆಳಕಿನಲ್ಲಿ ಅವಳ ಮುಖ ಸಮಾಧಾನವಾಗಿತ್ತು, ಅಥವಾ ಅವನು ಹಾಗೆ ಕಾಣಬಯಸಿದ. ಹೇಳಿದರೆ ಅವಳ ತಪ್ಪು ಅಳಿಯುತ್ತದೆ. ಅದರ ಹಿಂದೆಯೇ ಅವಳು ಕೇಳುತ್ತಾಳೆ: ಹಂಗಾದ್ರ ನಿನ್ನ ಸಾಲಿ ಯಾತರ ಬದ್ಲಿ ಬಂತು? ನಾಳೆ ಹೇಳಿದರಾಯಿತು ಎಂದುಕೊಂಡ. ತಾಟು ಹಾಕಿಕೊಂಡು ಕೂತ.

ಆ ಚಳಿಗಾಲದಲ್ಲಿ ಅವನು ಕಲ್ಲಹಾಳದ ಕೇರಿಗೆ ಎರಡು ಸಲ ಹೋದ, ಎಲ್ಲ ಕೂಸುಗಳ ತೋಳನ್ನೂ ತಾನೇ ನೋಡಿದ, ಡೈರಿಯಲ್ಲಿ ಹೋದ ದಿನವನ್ನೇ ಬರೆದ. ಮೈಲಾರಲಿಂಗಪ್ಪನವರು ಎರಡು ವರ್ಷಕ್ಕೆ ತೀರಿಕೊಂಡರು. ಉಡಚವ್ವ ಮತ್ತೆ ಒಂಬತ್ತು ವರ್ಷ ಬದುಕಿದಳು. ಕೊನೆಯ ಮಂಗಳವಾರವೂ ಉಣ್ಣಲಿಲ್ಲ.

ಆ ದಿನ ಗಾಡಿ ಹುಬ್ಬಳ್ಳಿಯ ಶೆಡ್ಡಿನಲ್ಲಿತ್ತು, ನೀನು ಕೇಳಿದ್ದು ಬೇರೆ ಯಾವುದೋ ಸಪ್ಪಳ, ಅವತ್ತು ಯಾರೂ ಬಂದಿರಲಿಲ್ಲ ಎಂದು ಹುಲಗಪ್ಪ ಅವಳಿಗೆ ಒಮ್ಮೆಯೂ ಹೇಳಲಿಲ್ಲ.