ರಸ್ತೆ ದಾಟಿದ ಅಪರಾಧ

ಪದ್ಮಾ ರಸ್ತೆಯಲ್ಲಿ ಬಿದ್ದ ದಿನ ಮಾಚಮ್ಮ ದೆಹಲಿಯಲ್ಲಿರಲಿಲ್ಲ. ಸಂಬಂಧಿಕರ ಮದುವೆಗೆಂದು ವಿರಾಜಪೇಟೆಗೆ ಹೋಗಿದ್ದಳು. ಜನಕಪುರಿಗೆ ಮರಳಿ ಮನೆಯ ಬೀಗ ತೆಗೆಯುತ್ತಿರುವಾಗಲೇ ಎದುರು ಫ್ಲ್ಯಾಟಿನವರು ಸುದ್ದಿ ಹೇಳಿದರು. ಸೂಟ್‌ಕೇಸನ್ನು ಹೊಸ್ತಿಲ ಒಳಗೆ ನೂಕಿ, ತಾನು ಬಂದ ಆಟೊದಲ್ಲೇ ಆಸ್ಪತ್ರೆಗೆ ಹೋದಳು.

ಪದ್ಮಾಳ ಸೊಂಟದ ಮೂಳೆ ಮುರಿದಿತ್ತು. ಸರಕಾರಿ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದ ಮೈಸೂರಿನ ಹೆಂಗಸು ಅವಳು. ಗಂಡ ತೀರಿಕೊಂಡ ಮೇಲೂ ಜನಕಪುರಿ ಬಿಟ್ಟಿರಲಿಲ್ಲ. ಸೈನ್ಯದ ಆಸ್ಪತ್ರೆಗಳಲ್ಲಿ ನರ್ಸಿಂಗ್ ಅಧಿಕಾರಿಯಾಗಿ ಲೇಹ್, ಪಠಾಣ್‌ಕೋಟ್ ಎಂದು ಸುತ್ತಿ, ಲೆಫ್ಟಿನೆಂಟ್ ಕರ್ನಲ್ ಆಗಿ ನಿವೃತ್ತಳಾಗಿ ಬಂದ ಮಾಚಮ್ಮನಿಗೆ ಈ ಬಡಾವಣೆಯಲ್ಲಿ ಸಿಕ್ಕ ಮೊದಲ ಗೆಳತಿ. ಮದುವೆಯನ್ನೇ ಮಾಡಿಕೊಳ್ಳದ ಮಾಚಮ್ಮ, ಮಕ್ಕಳಿಲ್ಲದ ಪದ್ಮಾ, ಇಬ್ಬರೂ ಬೆಳಿಗ್ಗೆ ಜೊತೆಯಾಗಿ ದೊಡ್ಡ ರಸ್ತೆ ದಾಟಿ ವಿಠಲನ ಹೋಟೆಲಿನಲ್ಲಿ ಕಾಫಿ ಕುಡಿದು, ಅಲ್ಲೇ ಪಕ್ಕದ ಡಿಸ್ಪೆನ್ಸರಿಯಲ್ಲಿ ಬಿಪಿ ತೋರಿಸಿಕೊಂಡು ಬರುವುದು ಎಷ್ಟೋ ವರ್ಷಗಳ ರೂಢಿ.

"ಸೇತುವೆ ಯಾಕೆ ಹತ್ತಲಿಲ್ಲ ಅಂತ ನೀನೂ ಕೇಳಬೇಡ," ಎಂದಳು ಪದ್ಮಾ ಮಂಚದಿಂದಲೇ.

"ನಾನ್ಯಾಕೆ ಕೇಳಲಿ? ನಿನ್ನ ಮಂಡಿ ನನಗೆ ಗೊತ್ತಿಲ್ವಾ?"

ಮೊದಲು ಆ ರಸ್ತೆಯಲ್ಲಿ ಸಿಗ್ನಲ್ ಇತ್ತು, ದಾಟಲು ಬಿಳಿ ಪಟ್ಟೆಯಿತ್ತು. ಹಿಂದಿನ ವರ್ಷ ವಾಹನಗಳು ಎಲ್ಲೂ ನಿಲ್ಲದೆ ಹೋಗಲಿ ಎಂದು ರಸ್ತೆ ಇಲಾಖೆಯವರು ಎರಡನ್ನೂ ತೆಗೆದುಹಾಕಿದರು. ನಡುವಿನ ವಿಭಜಕದ ಮೇಲೆ ಕಬ್ಬಿಣದ ಬೇಲಿ ಬಂತು, ತಲೆಯ ಮೇಲೆ ಕಾಲುಸೇತುವೆ ಬಂತು. ಸೇತುವೆಗೆ ಲಿಫ್ಟನ್ನೂ ಇಟ್ಟರು. ಉದ್ಘಾಟನೆಯ ದಿನ ಒಮ್ಮೆ ಮೇಲೆ ಹೋಗಿ ಕೆಳಗೆ ಬಂದ ಆ ಲಿಫ್ಟಿಗೆ ಮರುದಿನ ಬೀಗ ಬಿತ್ತು. ಮಂಡಿನೋವಿನವರು, ಕೋಲು ಹಿಡಿದವರು, ಬೇಲಿಯ ಸರಳು ಮುರಿದಿದ್ದ ಒಂದು ಸಂದಿಯಲ್ಲಿ ನುಸುಳತೊಡಗಿದರು. ಪದ್ಮಾಳೂ ಹಾಗೆಯೇ ನುಸುಳಿದ್ದಳು. ಕಾರು ಗುದ್ದಿತು, ನಿಲ್ಲಲಿಲ್ಲ, ಸಿಗಲೂ ಇಲ್ಲ.

"ಪೊಲೀಸರು ಬಂದಿದ್ದರು," ಎಂದಳು ಪದ್ಮಾ. "ಕಾರು ಯಾವ ಬಣ್ಣ ಅಂತಲೂ ಕೇಳಲಿಲ್ಲ. ವೃದ್ಧೆ ಸೇತುವೆ ಬಳಸದೆ ರಸ್ತೆಗಿಳಿದು ಅಪಘಾತ ಮಾಡಿಕೊಂಡಿದ್ದಾಳೆ ಅಂತ ಬರೆದುಕೊಂಡು ಹೋದರು. ನಾನೇ ಮಾಡಿಕೊಂಡೆನಂತೆ, ಮಾಚಮ್ಮ."

ಮಾಚಮ್ಮ ಗೆಳತಿಯ ಹೊದಿಕೆಯ ಮೂಲೆಯನ್ನು ಹಾಸಿಗೆಯಡಿ ಬಿಗಿಯಾಗಿ ಸಿಕ್ಕಿಸಿದಳು. ಸಿಟ್ಟು ಬಂದಾಗ ಅವಳ ಕೈಗೆ ಹೀಗೆ ಏನಾದರೂ ಕೆಲಸ ಬೇಕಾಗುತ್ತಿತ್ತು.

ಆ ವಾರವೇ ರಸ್ತೆ ಸುರಕ್ಷತೆಯ ಸಭೆ ನಡೆಯಿತು. ಇತ್ತೀಚಿನ ಅಪಘಾತವನ್ನು ಗಂಭೀರವಾಗಿ ಪರಿಗಣಿಸಿ ಅಲ್ಲಿ ಎರಡು ತೀರ್ಮಾನ ಕೈಗೊಂಡರು: ಬೇಲಿಯ ಸಂದಿ ಮುಚ್ಚಿ ಅದನ್ನು ಇನ್ನಷ್ಟು ಎತ್ತರ ಮಾಡುವುದು, ಸೇತುವೆ ಬಿಟ್ಟು ಬೇರೆಡೆ ದಾಟುವವರ ಮೇಲೆ ಕೇಸು ಹಾಕುವುದು. ಹಾಗೆಂದು ಫಲಕವೂ ಬಂತು. ಆಸ್ಪತ್ರೆಯಿಂದ ಮರಳುತ್ತ ಹೋಟೆಲಿಗೆ ಬಂದ ಮಾಚಮ್ಮ, ವಿಠಲ ತೆಗೆದಿದ್ದ ಅದರ ಫೋಟೊವನ್ನು ಎರಡು ಸಲ ಓದಿದಳು.

"ಪದ್ಮಾ ಬಿದ್ದಳು ಅಂತ ಅವಳ ದಾರಿಯನ್ನೇ ಮುಚ್ಚಿದರಾ?"

"ಎಂತ ಮಾಡ್ಲಿಕ್ಕೆ ಆಗ್ತದೆ ಮೇಡಂ, ಸರಕಾರ ಅಲ್ವಾ," ಎಂದ ವಿಠಲ. ಕುಂದಾಪುರದ ಕಡೆಯವನು, ಯಾರೊಂದಿಗೂ ಜಗಳ ಬೇಡ ಎನ್ನುವ ಪೈಕಿ. ಗಲ್ಲಾಪೆಟ್ಟಿಗೆಯ ಬಳಿ ಕೂತಿದ್ದ ಅವನ ಹೆಂಡತಿ ಜಲಜಾಕ್ಷಿ ಮಾತ್ರ, "ಆಗದೆ ಏನು? ದಾಟಿದರೆ ಆಗ್ತದೆ," ಎಂದಳು.

ಮಾಚಮ್ಮ ದಾಟಿದಳು.

ಬೇಲಿ ಮುಗಿಯುವಲ್ಲಿ ವಾಹನಗಳು ಹಿಂದಿರುಗಲು ಬಿಟ್ಟ ಯು-ಟರ್ನ್ ಇತ್ತು. ಸೋಮವಾರ ಬೆಳಿಗ್ಗೆ ಅಲ್ಲಿಗೆ ಹೋಗಿ, ಬೆನ್ನು ನೆಟ್ಟಗೆ ಮಾಡಿ, ಬಲಗೈ ಮುಂದೆ ಚಾಚಿ ರಸ್ತೆಗಿಳಿದಳು. ಬೆಳ್ಳಿ ಕೂದಲಿನ, ಆರಡಿಗೆ ಸ್ವಲ್ಪವೇ ಕಡಿಮೆಯಿದ್ದ ಆ ಹೆಂಗಸು ಓಡಲಿಲ್ಲ, ಅಂಜಲಿಲ್ಲ. ಬ್ರೇಕುಗಳು ಕಿರುಚಿದವು, ಹಾರ್ನುಗಳು ಅರಚಿದವು, ಒಬ್ಬ ಕಿಟಕಿಯಿಂದ ತಲೆ ಹಾಕಿ ಅವಳ ವಯಸ್ಸನ್ನೆತ್ತಿ ಬೈದ. ಅವಳು ನಡೆದೇ ದಾಟಿದಳು. ಮರುದಿನ ಡಿಸ್ಪೆನ್ಸರಿಗೆ ಹೋಗಬೇಕಾದ ಮೂವರು ಮುದುಕರು ಅವಳ ಹಿಂದೆ ಬಂದರು. ಅದರ ಮರುದಿನ ಅದೇ ಬಡಾವಣೆಯ, ಗಾಲಿಕುರ್ಚಿಯ ಗುಂಡಣ್ಣನವರು, "ನನ್ನೊಬ್ಬನನ್ನೇ ಬಿಟ್ಟು ಹೋಗ್ತೀರೇನಮ್ಮಾ?" ಎಂದು ಫುಟ್‌ಪಾತಿನಲ್ಲಿ ಕಾದಿದ್ದರು. ಡಿಸ್ಪೆನ್ಸರಿ ಕಂಡು ಅವರಿಗೆ ವರ್ಷವಾಗಿತ್ತು. ಮಾಚಮ್ಮ ಕುರ್ಚಿಯ ಹಿಡಿಕೆ ಹಿಡಿದಳು.

ವಾರ ತುಂಬುವ ಮೊದಲೇ ಪೊಲೀಸರು ಬಂದರು. ಸಬ್ ಇನ್ಸ್‌ಪೆಕ್ಟರ್ ದಹಿಯಾ, ಹರಿಯಾಣದ ಯುವಕ, ಕೆಟ್ಟವನಲ್ಲ. ಕೈ ಮುಗಿದೇ ಮಾತು ಶುರುಮಾಡಿದ.

"ಮಾತಾಜಿ, ಸೇತುವೆ ಇದೆಯಲ್ಲ."

"ಬಾ ಬೇಟಾ, ಈ ಕುರ್ಚಿಯನ್ನು ಸೇತುವೆ ಹತ್ತಿಸು. ನೀನು ಹತ್ತಿಸಿದ ದಿನ ನಾನೂ ಹತ್ತುತ್ತೇನೆ."

ದಹಿಯಾ ಮೆಟ್ಟಿಲುಗಳ ಕಡೆ ನೋಡಿದ, ಗುಂಡಣ್ಣನವರ ಕಡೆ ನೋಡಿದ. ನಂತರ ಮೇಲಿನವರ ಫೋನು ಬಂತು. ಮಾಚಮ್ಮನನ್ನು ಜೀಪಿನಲ್ಲಿ ಠಾಣೆಗೆ ಕರೆದೊಯ್ದರು.

ಠಾಣೆಯಲ್ಲಿ ಅವರು ಕೇಳಿದ್ದು ಒಂದು ಮುಚ್ಚಳಿಕೆ ಮಾತ್ರ. ಇನ್ನು ಮುಂದೆ ಈ ರೀತಿ ರಸ್ತೆಗೆ ಅಡ್ಡಿ ಮಾಡುವುದಿಲ್ಲ, ಮಾಡಿದ್ದಕ್ಕೆ ಕ್ಷಮಿಸಿ ಎಂದು ಬರೆದು ಸಹಿ ಹಾಕಿದರೆ ಜೀಪಿನಲ್ಲೇ ಮನೆಗೆ ಬಿಡುತ್ತಾರೆ. ಮಾಚಮ್ಮ ಪೆನ್ನು ಮುಟ್ಟಲಿಲ್ಲ. ಮಧ್ಯಾಹ್ನವಾಯಿತು, ಸಂಜೆಯಾಗುತ್ತ ಬಂತು. ದಹಿಯಾ ಚಹಾ ತರಿಸಿಕೊಟ್ಟ. ಕುಡಿದಳು. ಬಿಸ್ಕತ್ತು ಕೊಟ್ಟ. ತಿಂದಳು. ಪೆನ್ನು ಕೊಟ್ಟ. ಪಕ್ಕಕ್ಕಿಟ್ಟಳು.

ಅಷ್ಟರಲ್ಲಿ ತಮ್ಮನ ಮಗಳು ದಿಶಾ ಕಪ್ಪು ಕೋಟಿನಲ್ಲೇ ಓಡಿಬಂದಳು. ದೆಹಲಿಯಲ್ಲೇ ಹುಟ್ಟಿ ಬೆಳೆದು ವಕೀಲಿ ಮಾಡುತ್ತಿದ್ದ ಹುಡುಗಿ. ಅವಳ ಕನ್ನಡದಲ್ಲಿ ಅರ್ಧ ಹಿಂದಿ.

"ಅತ್ತೆ, ಯೇ ಕ್ಯಾ ಹೈ? ಬೇಲ್ ಸಿಗತ್ತೆ, ಆದರೆ ಕೇಸ್ ಆಗತ್ತೆ. ಕೋರ್ಟಿಗೆ ಬರಬೇಕಾಗತ್ತೆ, ಬಾರ್ ಬಾರ್, ಮತ್ತೆ ಮತ್ತೆ."

"ಅಚ್ಛಾ. ಕೋರ್ಟಿನಲ್ಲಿ ನಾವು ಹೇಳಿದ್ದನ್ನು ಬರೆದುಕೊಳ್ತಾರಾ?"

"ಬರೆದುಕೊಳ್ಳಲೇಬೇಕು."

"ಹಾಗಾದರೆ ಕೇಸು ಆಗಲಿ."

ಕೇಸು ಆಯಿತು. ಮರುದಿನ ಬೆಳಿಗ್ಗೆ ಮಾಚಮ್ಮ ಮತ್ತೆ ಯು-ಟರ್ನಿನ ಬಳಿ ನಿಂತಾಗ, ಜಲಜಾಕ್ಷಿ ಗಲ್ಲಾಪೆಟ್ಟಿಗೆ ಬಿಟ್ಟು ಆಚೆ ಬದಿಯಿಂದ ಬಂದು ಸೇರಿಕೊಂಡಿದ್ದಳು. ಹೋಟೆಲಿಗೆ ಇಡ್ಲಿ ತಿನ್ನಲು ಬರುವವರು, ಹಾಲಿನ ಬೂತಿನವರು, ಮೆಟ್ರೊ ಹಿಡಿಯುವ ಆಫೀಸಿನ ಹೆಂಗಸರು, ದಿನಕ್ಕಿಷ್ಟು ಜನ ಹೆಚ್ಚುತ್ತ ಹೋದರು. "ಅವರ ಮೇಲೆ ಕೇಸಾದರೆ ನನ್ನ ಹೆಸರೂ ಬರೆದುಕೊಳ್ಳಿ," ಎಂದು ಒಬ್ಬೊಬ್ಬರೂ ದಹಿಯಾನ ಮುಂದೆ ನಿಂತರು. ಅವನು ಯಾರ ಹೆಸರನ್ನೂ ಬರೆಯಲಿಲ್ಲ. ಯಾರಾದರೂ ಸತ್ತರೆ ನನ್ನ ತಲೆಗೇ ಬರುತ್ತದೆ ಎಂದು ಗೊಣಗುತ್ತ ತಾನೇ ರಸ್ತೆಯ ನಡುವೆ ನಿಂತು ಕಾರುಗಳಿಗೆ ಸೀಟಿ ಊದತೊಡಗಿದ.

ಆದರೂ ಒಂದು ದಿನ ಅನಾಹುತ ಆಗಿಯೇಬಿಟ್ಟಿತು. ದಹಿಯಾ ಬೇರೆ ಡ್ಯೂಟಿಯಲ್ಲಿದ್ದ. ತಪ್ಪು ದಿಕ್ಕಿನಿಂದ ನುಗ್ಗಿ ಬಂದ ಬೈಕೊಂದು ಗಾಲಿಕುರ್ಚಿಯ ಅಂಚಿಗೆ ಬಡಿಯಿತು. ಕುರ್ಚಿ ವಾಲಿತು, ಗುಂಡಣ್ಣನವರ ಮೊಣಕೈ ತರಚಿ ರಕ್ತ ಬಂತು. ಹೋಟೆಲಿನ ಬೆಂಚಿನಲ್ಲಿ ಕೂರಿಸಿ ಗಾಯ ತೊಳೆಯುವಾಗ, ಯುದ್ಧದ ಗಾಯಾಳುಗಳನ್ನು ಕಂಡ ಮಾಚಮ್ಮ, ತೊಳೆದ ಜಾಗವನ್ನೇ ಮತ್ತೆ ಮತ್ತೆ ತೊಳೆದಳು. ಇವರನ್ನೆಲ್ಲ ನಾನು ಎಲ್ಲಿಗೆ ಎಳೆದುಕೊಂಡು ಹೋಗುತ್ತಿದ್ದೇನೆ ಎಂದು ಮೊದಲ ಬಾರಿಗೆ ಭಯವಾಯಿತು.

ಇಲಾಖೆಯ ಎಂಜಿನಿಯರು ಬಂದದ್ದು ಸರಿಯಾಗಿ ಮರುದಿನವೇ. ವಿಠಲನ ಹೋಟೆಲಿನಲ್ಲೇ ಎದುರು ಕೂತು ಮೆಲ್ಲಗೆ ಮಾತಾಡಿದರು. ಯು-ಟರ್ನಿನ ಬಳಿ ಪಾದಚಾರಿಗಳ ಸಿಗ್ನಲ್ ಹಾಕಬಹುದು, ತಮಗೂ ಮನಸ್ಸಿದೆ. ಆದರೆ ಮೇಲಿನವರು ಒತ್ತಡಕ್ಕೆ ಮಣಿದಂತೆ ಕಾಣಬಾರದು. ಮೇಡಂ ಕ್ಷಮಾಪಣೆಯ ಎರಡು ಸಾಲಿಗೆ ಸಹಿ ಹಾಕಿದರೆ ಕೇಸೂ ಹೋಗುತ್ತದೆ, ಸಿಗ್ನಲ್ಲೂ ಬರುತ್ತದೆ.

"ಪದ್ಮಾಳ ಬಗ್ಗೆ ಬರೆದದ್ದು?" ಎಂದು ಕೇಳಿದಳು ಮಾಚಮ್ಮ.

"ಅದು ಮುಗಿದ ಕಡತ, ಮೇಡಂ. ಅದನ್ನು ಯಾಕೆ ಕೆದಕೋದು?"

ಎಂಜಿನಿಯರು ಹೋದ ಮೇಲೆ ವಿಠಲ ಗೋಗರೆದ. "ಒಂದು ಸಹಿ ಅಲ್ವಾ ಮೇಡಂ. ನಿನ್ನೆ ಗುಂಡಣ್ಣನವರಿಗೆ ಹೆಚ್ಚುಕಮ್ಮಿ ಆಗಿದ್ದರೆ? ಸಿಗ್ನಲ್ ಬಂದರೆ ಎಲ್ಲರಿಗೂ ಒಳ್ಳೇದಲ್ವಾ ಮಾರಾಯ್ರೆ?"

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಅದಕ್ಕೇ ಮಾಚಮ್ಮ ನೇರ ಪದ್ಮಾಳ ಮನೆಗೆ ಹೋದಳು. ಪದ್ಮಾ ಆಗಷ್ಟೇ ವಾಕರ್ ಹಿಡಿದು ಕೋಣೆಯಲ್ಲಿ ನಾಲ್ಕು ಹೆಜ್ಜೆ ಹಾಕಲು ಕಲಿಯುತ್ತಿದ್ದಳು. ಮಾಚಮ್ಮ ಇದ್ದದ್ದನ್ನು ಇದ್ದಂತೆ ಹೇಳಿದಳು.

"ನೀನು ಹೂಂ ಅಂದರೆ ಸಹಿ ಹಾಕಿಬಿಡ್ತೀನಿ ಪದ್ಮಾ. ಸಿಗ್ನಲ್ ಬೇಕಾಗಿರೋದು ನಿನಗೇ. ನನಗೆ ಮಾನ ಹೋಗೋದಿಲ್ಲ."

ಪದ್ಮಾ ವಾಕರನ್ನು ಗೆಳತಿಯ ಕಡೆ ತಿರುಗಿಸಿದಳು.

"ನನ್ನನ್ನು ಗುದ್ದಿದವನು ಹೋದ. ಲಿಫ್ಟಿಗೆ ಬೀಗ ಹಾಕಿದವನು ಆಫೀಸಿನಲ್ಲಿದ್ದಾನೆ. ತಪ್ಪು ಮಾಡಿದವಳು ಅಂತ ಕಾಗದದಲ್ಲಿ ಇರೋದು ನನ್ನ ಹೆಸರು ಮಾತ್ರ. ಈಗ ಅದರ ಪಕ್ಕ ನಿನ್ನ ಹೆಸರೂ ಬರಬೇಕಂತಾ?" ಅವಳ ದನಿ ಏರಿತು. "ಮೂವತ್ತು ವರ್ಷ ಪೇಪರ್ ತಿದ್ದಿದ್ದೀನಿ. ತಪ್ಪು ಉತ್ತರಕ್ಕೆ ಸರಿ ಗುರುತು ಹಾಕಿದವಳಲ್ಲ. ಹಾಕಬೇಡ, ಮಾಚಮ್ಮ."

"ಸಿಗ್ನಲ್ ಬಾರದಿದ್ದರೆ?"

"ಬಾರದಿದ್ದರೆ ನಾನೂ ಬಂದು ನಿನ್ನ ಜೊತೆ ನಿಲ್ತೀನಿ. ಕಾರುಗಳು ಕಾಯಲಿ."

ಮಾಚಮ್ಮ ಎಂಜಿನಿಯರಿಗೆ ಫೋನು ಮಾಡಿದಳು. "ಸಿಗ್ನಲ್ ನೀವು ನನಗೆ ಕೊಡೋ ಭಿಕ್ಷೆ ಅಲ್ಲ. ಅದನ್ನು ಕೊಡೋದು ನಿಮ್ಮ ಕೆಲಸ. ಕ್ಷಮೆ ನಾನು ಕೇಳೋದಿಲ್ಲ," ಎಂದು ಹೇಳಿ ಇಟ್ಟಳು. ಅಂದಿನಿಂದ ಗುಂಡಣ್ಣನವರ ಕುರ್ಚಿಯ ಎರಡೂ ಬದಿಗೆ ಒಬ್ಬೊಬ್ಬರು ನಿಲ್ಲುವಂತೆ ನೋಡಿಕೊಂಡಳು. ಜಗಳ ಬೇಡವೆನ್ನುತ್ತಿದ್ದ ವಿಠಲನೂ ಏಪ್ರನ್ ಕಟ್ಟಿಕೊಂಡೇ ಬಂದು ಎಡಬದಿಗೆ ನಿಂತ.

ಚಳಿ ಕಳೆಯುತ್ತಿದ್ದಂತೆ, ಯಾರಿಗೂ ತಿಳಿಸದೆ, ಇಲಾಖೆಯ ಕೆಲಸಗಾರರು ಬಂದು ಬಿಳಿ ಪಟ್ಟೆ ಬಳಿದರು, ಸಿಗ್ನಲ್ ಕಂಬ ನೆಟ್ಟರು. ಉದ್ಘಾಟನೆಯಿಲ್ಲ, ಫಲಕವಿಲ್ಲ. ದಿನಾ ಬೆಳಿಗ್ಗೆ ರಸ್ತೆ ನಿಲ್ಲುವುದೇ ಆದ ಮೇಲೆ ದೀಪ ಹಾಕಿಯೇ ನಿಲ್ಲಿಸುವುದು ವಾಸಿ ಎನಿಸಿರಬೇಕು. ಮಾಚಮ್ಮನ ಮೇಲಿನ ಕೇಸನ್ನು ಮಾತ್ರ ಹಿಂತೆಗೆಯಲಿಲ್ಲ.

ನ್ಯಾಯಾಲಯದಲ್ಲಿ ಮ್ಯಾಜಿಸ್ಟ್ರೇಟರು, ನಡುವಯಸ್ಸಿನ ಹೆಣ್ಣುಮಗಳು, ಸಮಾಧಾನದಿಂದಲೇ ಹೇಳಿದರು: "ತಪ್ಪೊಪ್ಪಿಕೊಂಡರೆ ಸಣ್ಣ ದಂಡ. ಇವತ್ತೇ ಮುಗಿಯುತ್ತದೆ."

"ನನಗೆ ಅವಸರವಿಲ್ಲ, ಮೇಡಂ," ಎಂದಳು ಮಾಚಮ್ಮ. "ನಾನು ತಪ್ಪು ಮಾಡಿಲ್ಲ. ವಿಚಾರಣೆ ನಡೆಯಲಿ."

ನಡೆಯಿತು. ದಿಶಾ ವಾದಿಸಿದಳು. ದಹಿಯಾ ಸಾಕ್ಷಿ ಹೇಳಲು ಬಂದಾಗ, ಮೆಟ್ಟಿಲು ಹತ್ತಲಾಗದವರು ಆಗ ಆ ರಸ್ತೆಯನ್ನು ಎಲ್ಲಿ ದಾಟಬೇಕಿತ್ತು ಎಂದು ಕೇಳಿದಳು. ಅವನು ಟೋಪಿಯನ್ನು ಕೈಯಲ್ಲಿ ತಿರುಗಿಸಿದ. "ಎಲ್ಲೂ ಇರಲಿಲ್ಲ, ಮೇಡಂ. ಲಿಫ್ಟಿಗೆ ಬೀಗ ಇತ್ತು," ಎಂದ. ಸರಕಾರಿ ವಕೀಲರ ಮುಖ ನೋಡಲಿಲ್ಲ.

ಆಮೇಲೆ ಪದ್ಮಾಳನ್ನು ಕರೆದರು. ವಾಕರ್ ಊರುತ್ತ ಸಾಕ್ಷಿಕಟ್ಟೆಗೆ ಬರಲು ಅವಳಿಗೆ ಹೊತ್ತು ಹಿಡಿಯಿತು, ಇಡೀ ಕೋಣೆ ಕಾಯಿತು. ಕುರ್ಚಿ ಕೊಡಿಸುತ್ತೇನೆಂದರು ಮ್ಯಾಜಿಸ್ಟ್ರೇಟರು. ಬೇಡ, ನಿಂತೇ ಹೇಳುತ್ತೇನೆ ಎಂದಳು. ಲಿಫ್ಟು, ಸಂದಿ, ಸದ್ದಿಲ್ಲದೆ ಬಂದ ಬಿಳಿ ಕಾರು, ಬಿದ್ದಲ್ಲೇ ಮಲಗಿ ನೋಡುತ್ತಿದ್ದ ಆಕಾಶ, ಎಲ್ಲವನ್ನೂ ತರಗತಿಯಲ್ಲಿ ಲೆಕ್ಕ ಬಿಡಿಸಿ ತೋರಿಸುವಂತೆ ಹೇಳಿದಳು. ಟೈಪಿಸ್ಟ್ ಬೆರಳು ಓಡಿಸುತ್ತಿದ್ದ. ನಡುವೆ ಅವನು ತಡವರಿಸಿದ್ದನ್ನು ಕಂಡು ಪದ್ಮಾ ನಿಂತಳು.

"ಬಿಳಿ ಕಾರು ಅಂತ ಬರೆದುಕೊಂಡಿರಾ?" ಎಂದು ಕೇಳಿದಳು.

"ಬರೆದುಕೊಂಡೆ, ಮೇಡಂ."

ತೀರ್ಪು ಬಂದದ್ದು ಬೇಸಗೆ ರಜೆಗೆ ಮೊದಲು. ದಾಟಲು ಬೇರೆ ದಾರಿಯನ್ನೇ ಇಡದಿರುವಾಗ ದಾಟಿದ್ದನ್ನು ಅಪರಾಧವೆನ್ನಲಾಗದು ಎಂದು ಮಾಚಮ್ಮನನ್ನು ಬಿಡುಗಡೆ ಮಾಡಿದರು. ವಿಠಲ ಎಲ್ಲರಿಗೂ ಹೋಳಿಗೆ ಹಂಚಿದ. ದಿಶಾ ಅತ್ತೆಯನ್ನು ಅಪ್ಪಿಕೊಂಡು, "ಚಲೋ, ಮುಗೀತು," ಎಂದಳು.

"ನನ್ನದು ಮುಗೀತು," ಎಂದಳು ಮಾಚಮ್ಮ. "ಪದ್ಮಾಳ ಕಡತ ತೆರೆಸೋಕೆ ಅರ್ಜಿ ಹೇಗೆ ಬರೀಬೇಕು, ಅದನ್ನು ಹೇಳು."

ಪದ್ಮಾ ಆಗಲೇ ಕನ್ನಡಕ ಹಾಕಿಕೊಂಡು ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡಿದ್ದಳು.